ಕಪ್ಪು ಚೀಟಿಯ ಕಂಡಕ್ಟರು

ನಮ್ಮನೆಯವರು ಮೂವತ್ತೊಂದು ವರ್ಷ ಬಸ್ಸಿನಲ್ಲಿ ನಿಂತುಕೊಂಡೇ ದುಡಿದವರು. ಕಂಡಕ್ಟರ್ ಕೆಲಸ. ನಿವೃತ್ತಿಯಾದ ಮೇಲಾದರೂ ಒಂದು ಕಡೆ ಕೂತಿರಲಿ ಎಂದು ನಾನು ಅಂದುಕೊಂಡರೆ, ಈ ಮಹಾಶಯರು ಮಲಗುವ ಕೆಲಸ ಹಿಡಿದರು. ಅದೂ ಹೆಣವಾಗಿ.

ವಿಷಯ ಇಷ್ಟೆ. ನಮ್ಮ ಪುರಭವನದಲ್ಲಿ ಮೂರು ತಿಂಗಳಿಗೊಮ್ಮೆ ದೇಶದ ರಕ್ಷಣೆಯ ಬಗ್ಗೆ ಸಾರ್ವಜನಿಕ ಚರ್ಚೆ ನಡೆಯುತ್ತದೆ. ನಿವೃತ್ತ ಸೇನಾಧಿಕಾರಿಗಳು, ಪ್ರೊಫೆಸರುಗಳು ಬಂದು, ಮುಂದಿನ ಯುದ್ಧ ಗಡಿಯಲ್ಲಿ ನಡೆಯುವುದಿಲ್ಲ, ನಿಮ್ಮ ತಾರಸಿಯ ಮೇಲೆ ಹಾರಿಕೊಂಡು ಬರುತ್ತದೆ, ನಲ್ಲಿಯ ನೀರಿನಲ್ಲಿ ಬರುತ್ತದೆ, ಕೈಯಲ್ಲಿರುವ ಫೋನಿನಲ್ಲೇ ಬರುತ್ತದೆ ಎಂದು ಹೆದರಿಸಿ ಹೋಗುತ್ತಾರೆ. ಮಾತು ಮುಗಿದ ಮೇಲೆ ಹಿಂದಿನ ಸಿಮೆಂಟು ಅಂಗಳದಲ್ಲಿ ಅಣಕು ಕಾರ್ಯಾಚರಣೆ. ದಾಳಿ ಆಗಿದೆ ಅಂತ ಲೆಕ್ಕ. ನಲವತ್ತು ಸ್ವಯಂಸೇವಕರು ಗಾಯಾಳುಗಳಾಗಿ ಬಿದ್ದುಕೊಳ್ಳಬೇಕು. ಸ್ಥಿತಿ ನೋಡಿ ಒಬ್ಬೊಬ್ಬರ ಕೊರಳಿಗೂ ಒಂದು ಚೀಟಿ ಕಟ್ಟುತ್ತಾರೆ. ಕೆಂಪು ಚೀಟಿಯವರನ್ನು ಮೊದಲು ಎತ್ತಬೇಕು. ಹಳದಿಯವರು ಸ್ವಲ್ಪ ಕಾಯಬಹುದು. ಕಪ್ಪು ಎಂದರೆ ಸತ್ತವರು, ಅವರನ್ನು ದಾಟಿಕೊಂಡು ಹೋಗಬೇಕು.

ನಮ್ಮನೆಯವರಿಗೆ ಯಾವಾಗಲೂ ಕಪ್ಪೇ. ಮೂಗಿನ ಮೇಲೆ ನೊಣ ಕೂತರೂ ಅಲ್ಲಾಡುತ್ತಿರಲಿಲ್ಲ. ಒಮ್ಮೆ ಹೊಸ ನರ್ಸೊಬ್ಬಳು ಅವರ ಉಸಿರು ನೋಡಲು ಹೋಗಿ ನಿಜವಾಗಿಯೇ ಕಿರುಚಿಕೊಂಡಿದ್ದಳಂತೆ. ಆ ಕತೆಯನ್ನು ಮನೆಗೆ ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು. ಜನ ಅವರನ್ನು ‘ಕಪ್ಪು ಚೀಟಿ’ ಎಂದೇ ಕರೆಯತೊಡಗಿದರು. ಅವರಿಗೆ ಹೆಮ್ಮೆ, ನನಗೆ ಮೈಯೆಲ್ಲ ಉರಿ. ಮನೆಯಲ್ಲೂ ಅದೇ ಚಾಳಿ. ನಾನು ಬೈಯಲು ಬಾಯಿ ತೆರೆದರೆ ಸಾಕು, ಕೂತ ಕುರ್ಚಿಯಲ್ಲೇ ಕತ್ತು ವಾಲಿಸಿ ಸತ್ತುಬಿಡುತ್ತಿದ್ದರು. “ನಾಟಕ ಸಾಕು, ಏಳ್ರೀ” ಎಂದು ನಾಲ್ಕು ಸಲ ಹೇಳಬೇಕು. ನಾಲ್ಕನೇ ಸಲಕ್ಕೆ ಒಂದು ಕಣ್ಣು ತೆರೆಯುತ್ತಿದ್ದರು.

ಕಳೆದ ಸಲ ನಾನು ಹಟ ಹಿಡಿದೆ. “ಪ್ರತಿ ಸಲ ನೀವೇ ಯಾಕ್ರೀ ಸಾಯ್ಬೇಕು? ಬದುಕಿರೋ ಪಾರ್ಟು ಕೇಳ್ಕೊಳ್ಳಿ. ಇಲ್ದಿದ್ರೆ ನಾನು ನೋಡೋಕೇ ಬರಲ್ಲ.”

“ಆಯ್ತು ಕಣೇ, ನಿನಗೋಸ್ಕರ ಈ ಸಲ ಬದುಕ್ತೀನಿ,” ಎಂದರು.

ಕಾಲು ಮುರಿದು ರಕ್ತ ಸುರಿಯುತ್ತಿರುವವನ ಪಾತ್ರ ಸಿಕ್ಕಿತು. ನೋವಿನಿಂದ ಕೂಗಬೇಕು, ಕೈ ಬೀಸಬೇಕು. ಆದರೆ ಆ ದಿನ ಚೀಟಿ ಕಟ್ಟುವವರು ಯಾರೂ ಇರಲಿಲ್ಲ. ವೇದಿಕೆಯಲ್ಲಿದ್ದ ಒಬ್ಬ ಎಂಜಿನಿಯರು ಸಣ್ಣ ಡ್ರೋನ್ ತಂದಿದ್ದರು. ಅದು ಮೇಲಿನಿಂದಲೇ ಮೈಯ ಬಿಸಿ, ಎದೆಯ ಏರಿಳಿತ ನೋಡಿ, ಯಾರನ್ನು ಎತ್ತಬೇಕು, ಯಾರನ್ನು ಬಿಡಬೇಕು ಎಂದು ತಾನೇ ಹೇಳುತ್ತದಂತೆ. ನಾವೆಲ್ಲ ಸಭಾಂಗಣದೊಳಗೆ ಕೂತು ದೊಡ್ಡ ಪರದೆಯಲ್ಲಿ ನೋಡುತ್ತಿದ್ದೆವು.

ಅಂಗಳದ ಮೇಲೆ ಅದರ ಗುಂಯ್‌ಗುಡುವಿಕೆ. ಪರದೆಯಲ್ಲಿ ಮುಖಗಳಿಲ್ಲ, ಬಟ್ಟೆಗಳಿಲ್ಲ, ನೆಲದ ಮೇಲೆ ಹೊಳೆಯುವ ಆಕೃತಿಗಳು ಮಾತ್ರ. ಒಂದೊಂದರ ಸುತ್ತಲೂ ಬಣ್ಣದ ಚೌಕ ಬೀಳುತ್ತಿತ್ತು. ಕೊನೆಯ ಸಾಲಿನ ತುದಿಗೆ ಬಂದಾಗ ಅದು ನಿಂತಿತು. ಬಹಳ ಹೊತ್ತು ನಿಂತಿತು.

ಅಲ್ಲಿ ನಮ್ಮನೆಯವರು ಕೂಗುತ್ತಿದ್ದರು. ಪಾಪ, ಅವರಿಗೆ ಗೊತ್ತಿದ್ದದ್ದು ಒಂದೇ ಬಗೆಯ ಕೂಗು. “ಇಲ್ಲಿ ಜಾಗ ಇದೆ! ಬನ್ನಿ, ಇಲ್ಲಿ ಜಾಗ ಇದೆ!” ಸಭೆ ಗೊಳ್ಳೆಂದಿತು. ನಾನು ಮಾತ್ರ ಪರದೆ ನೋಡುತ್ತಿದ್ದೆ. ಮುಖ ಇರಬೇಕಾದಲ್ಲಿ ಒಂದು ಮಂಕು ಕಲೆ. ಕೈಕಾಲು ಇರಬೇಕಾದಲ್ಲಿ ಬರೀ ಸಿಮೆಂಟಿನ ಬಣ್ಣ. ಖಾಲಿ ನೆಲ ನನ್ನ ಗಂಡನ ದನಿಯಲ್ಲಿ ಕರೆಯುತ್ತಿತ್ತು. ಅದರ ಸುತ್ತ ಕಪ್ಪು ಚೌಕ ಬಿತ್ತು.

ಎಂಜಿನಿಯರು ಮೂರು ಸಲ ಪ್ರಯತ್ನಿಸಿದರು. ಮೂರು ಸಲವೂ ಕಪ್ಪು.

“ಅವರಿಗೆ ಸತ್ತು ಸತ್ತು ಅಭ್ಯಾಸ ಆಗ್ಬಿಟ್ಟಿದೆ ಸಾರ್!” ಎಂದು ಹಿಂದಿನಿಂದ ಯಾರೋ ಕೂಗಿದರು. ಇಡೀ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನೂ ನಕ್ಕೆ. ಮುಚ್ಚಿಡುವುದೇನಿದೆ, ಎಲ್ಲರಿಗಿಂತ ಜೋರಾಗಿ ನಕ್ಕೆ. “ನಲವತ್ತರಲ್ಲಿ ಒಂದು ತಪ್ಪು. ತಿದ್ದುತ್ತೇವೆ,” ಎಂದು ಎಂಜಿನಿಯರು ಬರೆದುಕೊಂಡರು.

ಆ ಸಂಜೆ ನಮ್ಮನೆಯವರು ತಮ್ಮ ಅಂಗೈಗಳನ್ನೇ ನೋಡುತ್ತಾ ಕೂತಿದ್ದರು. “ನನ್ನ ಕೈ ಸ್ವಲ್ಪ ಮುಟ್ಟಿ ನೋಡೇ,” ಎಂದರು.

ನಾನು ಪಾತ್ರೆ ತೊಳೆಯುತ್ತಿದ್ದೆ. “ನಿಮ್ಮ ಕೈ ಯಾವತ್ರೀ ಬಿಸಿ ಇತ್ತು?” ಎಂದುಬಿಟ್ಟೆ, ಮುಟ್ಟಲಿಲ್ಲ. ಎರಡು ತಿಂಗಳಿಂದ ಅವರು ಮೆಟ್ಟಿಲು ಹತ್ತುವಾಗ ಪ್ರತಿ ತಿರುವಿನಲ್ಲೂ ನಿಲ್ಲುತ್ತಿದ್ದರು. ಮಲಗಿ ಮಲಗಿ ಸೋಮಾರಿಯಾಗಿದ್ದಾರೆ ಎಂದು ಅದಕ್ಕೂ ಬೈದಿದ್ದೆ.

ಮೂರು ವಾರ ಕಳೆದಿರಬೇಕು. ಬೆಳಗ್ಗೆ ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದಿದ್ದರು. ನಾನು ಶುರು ಹಚ್ಚಿಕೊಂಡೆ. ಕಾಫಿ ತಂದು ನೋಡಿದರೆ ಕುರ್ಚಿಯಲ್ಲಿ ಕತ್ತು ವಾಲಿತ್ತು. “ನಾಟಕ ಸಾಕು, ಏಳ್ರೀ,” ಎಂದೆ. ಲೋಟ ಮುಂದಿಟ್ಟು ಎರಡನೇ ಸಲ ಹೇಳಿದೆ. ಟವೆಲು ಒಣಹಾಕಿ ಬಂದು ಮೂರನೇ ಸಲ. ನಾಲ್ಕನೇ ಸಲ ಹೇಳಿ, ಆ ಒಂದು ಕಣ್ಣು ತೆರೆಯಲಿ ಎಂದು ಸೊಂಟದ ಮೇಲೆ ಕೈಯಿಟ್ಟು ಕಾದೆ. ಐದನೇ ಸಲ ಹೇಳುವಷ್ಟರಲ್ಲಿ ಕಾಫಿಯ ಮೇಲೆ ಕೆನೆ ಕಟ್ಟಿತ್ತು.

ಆಸ್ಪತ್ರೆಯ ಡಾಕ್ಟರು ಹೇಳಿದ್ದು ಇಷ್ಟೆ: “ಅಮ್ಮಾ, ಹೃದಯ ಸೋತು ತಿಂಗಳುಗಳೇ ಆಗಿವೆ. ಕೈಕಾಲಿಗೆ ರಕ್ತ ಸರಿಯಾಗಿ ಹೋಗ್ತಾ ಇರ್ಲಿಲ್ಲ. ಎರಡು ಮೂರು ವಾರ ಮೊದಲೇ ಕರ್ಕೊಂಡು ಬಂದಿದ್ರೆ ಉಳಿಸ್ಕೋಬಹುದಿತ್ತು.”

ಮೊನ್ನೆ ಪುರಭವನದಿಂದ ಮತ್ತೆ ಆಹ್ವಾನದ ಕಾರ್ಡು ಬಂತು, ಅವರ ಹೆಸರಿಗೇ. ಪಟ್ಟಿಯಿಂದ ತೆಗೆಯಲು ಯಾರಿಗೂ ನೆನಪಾಗಿಲ್ಲ. ಕಾರ್ಡು ಹಿಡಿದು ನಾನೇ ಹೋದೆ. ಅದೇ ಎಂಜಿನಿಯರು ವೇದಿಕೆಯಲ್ಲಿದ್ದರು. ಕಳೆದ ಸಲದ ತಪ್ಪನ್ನು ತಿದ್ದಿದ್ದೇವೆ, ಯಂತ್ರಕ್ಕೆ ಕಲಿಸಿದ್ದೇವೆ, ಈಗ ನಲವತ್ತಕ್ಕೆ ನಲವತ್ತೂ ಸರಿ ಎಂದು ಹೇಳಿ ಆ ದಿನದ ದೃಶ್ಯವನ್ನೇ ದನಿಸಮೇತ ಪರದೆಗೆ ಹಾಕಿದರು. ಕೊನೆಯ ಸಾಲಿನ ತುದಿಯಲ್ಲಿ ಅದೇ ಮಂಕು ಕಲೆ. ಸುತ್ತ ಈಗ ಕೆಂಪು ಚೌಕ ಮಿನುಗುತ್ತಿತ್ತು. ಜೀವ ಇದೆ, ಮೊದಲು ಎತ್ತಿ. ಸಭೆ ಚಪ್ಪಾಳೆ ತಟ್ಟಿತು.

ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ನಾನು ಎದ್ದು ನಿಂತೆ. ಮೈಕು ಹಿಡಿದು ಪರದೆಯ ಮೇಲಿನ ಆ ಕಲೆಯನ್ನು ತೋರಿಸಿದೆ.

“ಸಾರ್, ನಾನು ಅವರ ಹೆಂಡತಿ. ಅವರು ಹೋಗಿ ಎರಡು ತಿಂಗಳಾಯ್ತು, ಹೃದಯದ ಕಾಯಿಲೆ. ನಿಮ್ಮ ಯಂತ್ರ ಮೊದಲನೇ ಸಲ ನೋಡಿದ್ದು ಸರಿಯಾಗೇ ಇತ್ತಲ್ಲ. ಅದನ್ನ ಯಾಕೆ ತಿದ್ದಿದ್ರಿ?”

ಎಂಜಿನಿಯರು ತಮ್ಮ ಕಾಗದಗಳನ್ನು ತಿರುವಿಹಾಕತೊಡಗಿದರು. ಪರದೆ ಆರಿಸುವುದನ್ನು ಎಲ್ಲರೂ ಮರೆತಿದ್ದರು. ಎಂಜಿನಿಯರ ಬೆನ್ನ ಹಿಂದಿನ ಆ ಖಾಲಿ ನೆಲದಿಂದ ನಮ್ಮನೆಯವರು ಕೂಗುತ್ತಲೇ ಇದ್ದರು, “ಬನ್ನಿ, ಇಲ್ಲಿ ಜಾಗ ಇದೆ.”