ಪೂಜೆಗೆ ಕೂತ ಬ್ಯಾಟರಿ

ಗೋಡೆಯ ಮೇಲಿನ ವಸ್ತುವೊಂದು ನಿಮಿಷಕ್ಕೊಮ್ಮೆ 'ಟುಂಯ್' ಎಂದು ಕೂಗಿದರೆ ಮನುಷ್ಯನ ತಾಳ್ಮೆ ಎಷ್ಟು ದಿನ ಬಾಳುತ್ತದೆಂದು ತಿಳಿಯುವ ಕುತೂಹಲವಿದ್ದರೆ, ಕಳೆದ ದಸರೆಯ ವಾರ ನೀವು ಮಣ್ಣಗುಡ್ಡದ ನಮ್ಮ ಮನೆಗೆ ಬರಬೇಕಿತ್ತು. ಬಾಗಿಲು ತೆರೆದೊಡನೆ ಬೊಬ್ಬೆ ಹೊಡೆಯುವ ಕಾವಲು ಯಂತ್ರವೊಂದು ನಮ್ಮ ಚಾವಡಿಯಲ್ಲಿದೆ. ಅದರ ಬ್ಯಾಟರಿ ಸೊರಗಿ, ಅಂತ್ಯಕಾಲ ಸಮೀಪಿಸಿತೆಂದು ಹೀಗೆ ನರಳತೊಡಗಿತ್ತು. ಮೂವತ್ತು ವರ್ಷ ಕಾಲೇಜಿನಲ್ಲಿ ಸಂಸ್ಕೃತ ಪಾಠ ಮಾಡಿದ ನನಗೆ ಧಾತುರೂಪಗಳೆಲ್ಲ ಕಂಠಸ್ಥ. ಬ್ಯಾಟರಿಯ ಧನ ಯಾವುದು, ಋಣ ಯಾವುದು ಎಂಬಲ್ಲಿ ಮಾತ್ರ ಇಂದಿಗೂ ಅನುಮಾನ.

ನೆರೆಯವರಿಗೆ ಹಾಗೆ ಹೇಳಿದ್ದರೂ, ಅದನ್ನು ಕೊಂಡದ್ದು ಕಳ್ಳರ ಭಯದಿಂದಲ್ಲ. ನಮ್ಮಲ್ಲಿಗೆ ಕದಿಯಲು ಬಂದವನು ಹಳೆಯ ಪಂಚಾಂಗಗಳ ಕಟ್ಟು ಹೊತ್ತು ಬೆನ್ನುನೋವು ತರಿಸಿಕೊಂಡಾನು, ಅಷ್ಟೆ. ನನ್ನ ಅಕ್ಕನಿಗೆ ಎಪ್ಪತ್ತೆಂಟು. ಎರಡು ವರ್ಷಗಳಿಂದ ಮರೆವಿನ ಕಾಯಿಲೆ. ಇದ್ದಕ್ಕಿದ್ದಂತೆ ಆಕೆಯ ಮನಸ್ಸು ಕೂಳೂರು ಹೊಳೆಯಾಚೆ, ತಂದೆಯವರು ಅರ್ಚಕರಾಗಿದ್ದ ಪುಟ್ಟ ದೇವಸ್ಥಾನಕ್ಕೆ ಹೊರಡುತ್ತದೆ. ಕಾಲುಗಳೂ ಅದರ ಹಿಂದೆಯೇ. ತಾಯಿಯಿಲ್ಲದ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳಿಗೆ ಯಂತ್ರದ ಕಾವಲು ಹಾಕಿದ್ದೇನೆಂದು ಹೇಳಿಕೊಳ್ಳಲು ನನಗೆ ನಾಚಿಕೆ. ಆಕೆಗೂ ಹೇಳಿದ್ದು ಕಳ್ಳರ ಕಥೆಯನ್ನೇ.

ಹೊಸ ಬ್ಯಾಟರಿ ತಂದದ್ದು ಆಯುಧಪೂಜೆಯ ಬೆಳಿಗ್ಗೆ. ಯಂತ್ರವನ್ನು ಗೋಡೆಯಿಂದಿಳಿಸಿ, ಹಳೆಯದನ್ನು ತೆಗೆದು, ಹೊಸದನ್ನು ಹಾಕಬೇಕೆನ್ನುವಷ್ಟರಲ್ಲಿ ನನ್ನೊಳಗಿನ ಪುರೋಹಿತ ಎದ್ದು ಕೂತ. ನಮ್ಮಲ್ಲಿ ಅಂದು ಆಯುಧಗಳಿಗೆ ವಿಶ್ರಾಂತಿ. ಕೆಲಸ ಮುಗಿಸಿದ ಕತ್ತಿ, ಹೆರೆಮಣೆ, ಮಿಕ್ಸಿ ಎಲ್ಲವೂ ಗಂಧ ಕುಂಕುಮ ಹಚ್ಚಿಸಿಕೊಂಡು ದೇವರೆದುರು ಕೂತರೆ ಮತ್ತೆ ಏಳುವುದು ಮರುದಿನ, ವಿಜಯದಶಮಿಗೆ. ಯಂತ್ರವನ್ನೂ ಬ್ಯಾಟರಿಯನ್ನೂ ಅಲ್ಲಿಯೇ ಇಟ್ಟೆ.

"ಇದನ್ನೊಂದು ಈಗಲೇ ಹಾಕಿಬಿಡಿ. ಅತ್ತಿಗೆ ಇದ್ದಾರಲ್ಲ," ಎಂದಳು ಹೆಂಡತಿ ಶಾರದೆ.

"ಒಂದು ದಿನಕ್ಕೆ ಎಂತ ಆಗ್ತದೆ ಮಾರಾಯ್ತಿ? ಪೂಜೆಗೆ ಇಟ್ಟದ್ದನ್ನು ಎಬ್ಬಿಸ್ಲಿಕ್ಕಿಲ್ಲ," ಎಂದೆ ನಾನು, ಶಾಸ್ತ್ರವನ್ನೆಲ್ಲ ಅರೆದು ಕುಡಿದವನ ಗತ್ತಿನಲ್ಲಿ.

ಹಬ್ಬದೂಟದ ಭಾರಕ್ಕೆ ನಾವಿಬ್ಬರೂ ಕಣ್ಣು ಮುಚ್ಚಿದೆವು. ಎದ್ದಾಗ ಬಾಗಿಲು ಹಾರುಹೊಡೆದಿತ್ತು, ಅಕ್ಕನ ಮಂಚ ಖಾಲಿಯಾಗಿತ್ತು. ಕಾವಲಿನ ಯಂತ್ರ ಮಾತ್ರ ಕುಂಕುಮ ಇಟ್ಟುಕೊಂಡು ದೇವರೆದುರು ಸುಮ್ಮನೆ ಕೂತಿತ್ತು. ಮಣ್ಣಗುಡ್ಡದ ಅಡ್ಡರಸ್ತೆಗಳಲ್ಲಿ, ಕುದ್ರೋಳಿಯ ದಸರೆಯ ಜನಜಂಗುಳಿಯಲ್ಲಿ, ಕಂಡಕಂಡ ಬಿಳಿಗೂದಲನ್ನು ಅಕ್ಕನೆಂದೇ ಭ್ರಮಿಸುತ್ತಾ ಓಡಾಡಿದೆ. ನನಗೆ ಹೆದರಿಕೆಯಾಗಿತ್ತು, ಅದಕ್ಕಿಂತ ಘನವಾದ ಪದವೊಂದೂ ಆ ಹೊತ್ತಿಗೆ ನನ್ನ ವಿದ್ವತ್ತಿಗೆ ಸಿಗಲಿಲ್ಲ.

ಸಂಜೆಗೆ, ಹೂಮಾಲೆ ಹಾಕಿದ ರಿಕ್ಷಾವೊಂದು ಗೇಟಿನೆದುರು ನಿಂತಿತು. ಒಳಗೆ ಅಕ್ಕ.

"ಕೂಳೂರು ಹೊಳೆಯ ಸಂಕದ ಮೇಲೆ ಒಬ್ರೇ ನಡೀತಾ ಇದ್ರು ಮಾರಾಯ್ರೆ, ಬದಿಯಲ್ಲೇ ಲಾರಿಗಳು. ದಿನಾ ಇಲ್ಲಿ ಗೇಟಲ್ಲಿ ನೋಡ್ತೇನಲ್ಲ, ಗುರ್ತ ಸಿಕ್ಕಿತು," ಎಂದ ಚಾಲಕನ ಕೈಯನ್ನು ಹಿಡಿದುಕೊಂಡೆ, ಬಿಡಲು ಮನಸ್ಸಾಗಲಿಲ್ಲ. ಅಕ್ಕನ ಸೆರಗಿನ ತುಂಬ ದಾಸವಾಳ. ಅಪ್ಪನ ಪೂಜೆಗೆ ಹೊತ್ತಾಯಿತೆಂದು ಆಕೆ ನನ್ನನ್ನೇ ಗದರಿದಳು. ಧೂಳು ಮೆತ್ತಿದ ಅವಳ ಪಾದಗಳನ್ನು ತೊಳೆಯುತ್ತಾ ನಾನು ಅತ್ತುಬಿಟ್ಟೆ.

ಆಮೇಲೆ ವಿಜಯದಶಮಿಗೆ ಕಾಯಲಿಲ್ಲ. ದೇವರಿಗೆ ಕೈಮುಗಿದು ಯಂತ್ರವನ್ನು ಎಬ್ಬಿಸಿ ತಂದೆ. ಇದು ಅಪಚಾರವೆಂದು ನಿಮಗನ್ನಿಸಿದರೆ ನಾನು ವಾದಕ್ಕೆ ಬರುವುದಿಲ್ಲ. ಬ್ಯಾಟರಿಯನ್ನು ಎರಡು ಸಲ ತಿರುಗಾಮುರುಗಾ ಹಾಕಿ ತೆಗೆಯುತ್ತಿದ್ದಾಗ, ಪಕ್ಕದಲ್ಲಿ ಕೂತು ಕಾಫಿ ಕುಡಿಯುತ್ತಿದ್ದ ಅಕ್ಕ ಕೇಳಿದಳು.

"ಎಂತ ಅದು?"

"ಬ್ಯಾಟರಿ ಅಕ್ಕ. ಕಳ್ಳರು ಬಂದ್ರೆ ಕೂಗ್ತದೆ."

ಅವಳು ತುಸು ಹೊತ್ತು ನನ್ನ ಮುಖವನ್ನೇ ನೋಡಿದಳು. ಎಷ್ಟೋ ದಿನಗಳಿಂದ ಕಾಣದಿದ್ದ ನನ್ನ ಅಕ್ಕ ಆ ಒಂದು ಗಳಿಗೆ ಆ ಕಣ್ಣುಗಳಲ್ಲಿದ್ದಳು.

"ಕಳ್ಳರಿಗಲ್ಲ, ನನಗೆ. ಗೊತ್ತುಂಟು," ಎಂದಳು.

ನನ್ನ ಕೈ ನಿಂತಿತು.

"ಹಾಕು, ನಿಲ್ಲಿಸ್ಬೇಡ. ಗಟ್ಟಿ ಕೂಗುವ ಹಾಗೆ ಹಾಕು. ನಾನು ಎಷ್ಟು ದೂರ ಹೋಗಿದ್ರೂ ನನಗೆ ಕೇಳ್ಬೇಕು."