ಇನ್ನೂರು ಮೀಟರಿನ ಕಪ್ಪು ಯಾವ ವರ್ಷದ್ದು

ನಾನೂ ತಂಗಿಯೂ ಬೋರ್ಡಿಂಗಿನಲ್ಲಿದ್ದು ಕಲಿತ ಕಾನ್ವೆಂಟ್ ಶಾಲೆಯಿಂದ ಈ ವರ್ಷ ವಾಟ್ಸಾಪಿನಲ್ಲಿ ಒಂದು ಮೆಸೇಜ್ ಬಂತು. ಹಳೆಯ ವಿದ್ಯಾರ್ಥಿನಿಯರು ಗೆದ್ದ ಕಪ್ಪು, ಪದಕ, ಶೀಲ್ಡುಗಳನ್ನೆಲ್ಲ ಒಂದು ಗಾಜಿನ ಅಲಮಾರಿಯಲ್ಲಿ ಜೋಡಿಸಿಡುತ್ತಾರಂತೆ. ಕಳಿಸುವವರು ಜೊತೆಗೊಂದು ಕಾರ್ಡು ಬರೆದು ಕಳಿಸಬೇಕು: ಗೆದ್ದವರು ಯಾರು, ಯಾವ ಆಟ, ಯಾವ ವರ್ಷ.

ಬಸವಕಲ್ಯಾಣದ ನಮ್ಮ ಮನೆಯ ಶೋಕೇಸಿನಲ್ಲಿ ಅಂಥದೊಂದು ಕಪ್ಪಿದೆ. ಗೇಣುದ್ದದ್ದು, ಎರಡು ಕಿವಿಯದು. ಜಿಲ್ಲೆಯ ಶಾಲೆಗಳ ಕ್ರೀಡಾಕೂಟದಲ್ಲಿ ಇನ್ನೂರು ಮೀಟರ್ ಓಟಕ್ಕೆ ಬಂದ ಫಸ್ಟ್ ಪ್ರೈಜು. ನಾನು ಮೂವತ್ತು ವರ್ಷ ಇಂಗ್ಲಿಷ್ ಟೀಚರ್ ಆಗಿದ್ದೆ. ಪ್ರತಿ ಜೂನಿನಲ್ಲಿ ಹೊಸ ಕ್ಲಾಸಿಗೆ ಹೋದ ಮೊದಲ ದಿನ ಪುಸ್ತಕ ತೆರೆಯದೆ ಈ ಓಟದ ಕಥೆ ಹೇಳುತ್ತಿದ್ದೆ. ಕೊನೆಯ ಹತ್ತು ಹೆಜ್ಜೆ, ಉಸಿರು ಕಟ್ಟಿದ್ದು, ಅಡ್ಡಲಾಗಿ ಹಿಡಿದ ಕೆಂಪು ಉಣ್ಣೆದಾರ ನನ್ನ ಎದೆಗೆ ತಾಗಿ ಹರಿದದ್ದು. ನಮ್ಮ ಗೇಮ್ಸ್ ಸಿಸ್ಟರ್ ಹೇಳುತ್ತಿದ್ದ ಮಾತನ್ನೂ ಹೇಳುತ್ತಿದ್ದೆ: ರನ್ ಥ್ರೂ ದ ಟೇಪ್, ನಾಟ್ ಟು ದ ಟೇಪ್. ದಾರದ ತನಕ ಓಡಬೇಡ, ದಾರ ದಾಟಿ ಓಡು.

ಕಾರ್ಡಿನಲ್ಲಿ ನನ್ನ ಹೆಸರು ಬರೆಯುವುದು ಒಂದು ನಿಮಿಷದ ಕೆಲಸ. ವರ್ಷ ಮಾತ್ರ ಕಪ್ಪಿನ ಮೇಲೆ ಇರಲಿಲ್ಲ. ಇತ್ತು, ನಮ್ಮವ್ವ ಇರಗೊಡಲಿಲ್ಲ. ಹುಮನಾಬಾದಿನ ನಮ್ಮ ತವರಿನಲ್ಲಿ ದಸರೆಯ ಖಂಡೇಪೂಜೆಯ ದಿನ ಕುಡುಗೋಲು, ಈಳಿಗೆ, ಹೊಲಿಗೆ ಮಷೀನಿನ ಜೊತೆ ಅವ್ವ ಈ ಕಪ್ಪನ್ನೂ ಪೂಜೆಗೆ ಇಡುತ್ತಿದ್ದಳು. ಓಟವೂ ಒಂದು ಆಯುಧ ಎಂದು ಅವಳಿಗೆ ಯಾರು ಹೇಳಿದ್ದರೋ. ಹಿಂದಿನ ದಿನ ಹುಣಸೆಹಣ್ಣು, ಒಲೆಯ ಬೂದಿ ಹಾಕಿ ತಿಕ್ಕಿದ್ದೇ ತಿಕ್ಕಿದ್ದು. ಇಪ್ಪತ್ತು ವರ್ಷ ಹಾಗೆ ತಿಕ್ಕಿದ ಮೇಲೆ ಕೆತ್ತಿದ ಅಕ್ಷರಗಳೆಲ್ಲ ಸವೆದು ಕಪ್ಪಿನ ಹೊಟ್ಟೆ ತತ್ತಿಯಂತೆ ನುಣ್ಣಗಾಯಿತು.

ವರ್ಷ ಕೇಳೋಣವೆಂದು ಹುಮನಾಬಾದಿನಲ್ಲಿರುವ ತಂಗಿಗೆ ಫೋನ್ ಮಾಡಿದೆ. ಶಾಲೆಯಲ್ಲಿ ನನಗಿಂತ ಒಂದು ಕ್ಲಾಸ್ ಹಿಂದೆ ಇದ್ದವಳು.

"ಯಾವ ಕಪ್ಪು ಅಕ್ಕಾ?"

"ಅವ್ವ ತಿಕ್ಕತಿದ್ದಳಲ್ಲ, ಅದು."

ಆ ಕಡೆ ಕುಕ್ಕರ್ ಸೀಟಿ ಹೊಡೆಯಿತು. ಅದು ನಿಲ್ಲುವ ತನಕ ಕಾದು ಹೇಳಿದಳು, "ಅದು ನಂದ ಅದ."

"ನಿಂದ ಹ್ಯಾಂಗ ಆಗ್ತದ?"

"ಓಡಿದಾಕಿ ನಾ. ಮತ್ತ ಯಾರದ ಆಗ್ತದ?"

ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ. ಮ್ಯಾಟ್ರಿಕ್ ಮುಗಿದ ಬೇಸಿಗೆಯಲ್ಲೇ ಅವಳ ಮದುವೆಯಾಗಿತ್ತು. "ಐವತ್ತು ವರ್ಷದಾಗ ಈ ಮನ್ಯಾಗ ಒಬ್ಬರೂ ನಂಬಿಲ್ಲ, ನಾ ಓಡತಿದ್ದೆ ಅಂದ್ರ. ನನ್ನ ಮಣಕಾಲ ನೋಡಿ ನಗತಾರ. ಆ ಕಾರ್ಡಿನ್ಯಾಗರ ನನ್ನ ಹೆಸರ ಬರಿ ಅಕ್ಕಾ."

ಬರೆಯಲು ನನ್ನ ಕೈ ಬರಲಿಲ್ಲ. ಬೇರೆ ಏನು ಕೇಳಿದ್ದರೂ ಕೊಡುತ್ತಿದ್ದೆ. ಆದರೆ ಆ ದಾರ ತಾಗಿದ್ದು ನನ್ನ ಎದೆಗೆ. ಅದು ಸುಳ್ಳಾದರೆ ಮೂವತ್ತು ಜೂನುಗಳು ಸುಳ್ಳು.

ಸರಿ, ಕಪ್ಪಿನ ವಯಸ್ಸೇ ತೀರ್ಮಾನ ಮಾಡಲಿ ಎಂದುಕೊಂಡೆ. ಅದಕ್ಕೊಂದು ದಾರಿ ಹೊಳೆಯಿತು. ನಮ್ಮ ಬೀದರ್ ಜಿಲ್ಲೆಯ ವಿಳಾಸ ಪದೇ ಪದೇ ಬದಲಾದದ್ದು. ಅಪ್ಪನ ಸ್ಕೂಲ್ ಸರ್ಟಿಫಿಕೇಟಿನಲ್ಲಿ ನಿಜಾಮರ ರಾಜ್ಯ, ನನ್ನದರಲ್ಲಿ ಮೈಸೂರು ರಾಜ್ಯ, ತಂಗಿಯದರಲ್ಲಿ ಕರ್ನಾಟಕ. ನಾನು ಶಾಲೆ ಬಿಟ್ಟ ಕೆಲವೇ ತಿಂಗಳಿಗೆ ರಾಜ್ಯದ ಹೆಸರು ಬದಲಾಯಿತು. ನಾನಿದ್ದಷ್ಟು ದಿನ ತಂಗಿ ಜಿಲ್ಲೆಯ ಕ್ರೀಡಾಕೂಟಕ್ಕೆ ಹೋದವಳಲ್ಲ. ಹಾಗಾದರೆ ಕಪ್ಪಿನ ಮೇಲೆ ಮೈಸೂರು ಎಂದಿದ್ದರೆ ನನ್ನದು, ಕರ್ನಾಟಕ ಎಂದಿದ್ದರೆ ಅವಳದು. ವೆರಿ ಸಿಂಪಲ್.

ಕಪ್ಪನ್ನು ಟವೆಲಿನಲ್ಲಿ ಸುತ್ತಿಕೊಂಡು ಪೇಟೆಯಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುವ ಮುದುಕನ ಹತ್ತಿರ ಹೋದೆ. ಅವನು ಕಪ್ಪನ್ನು ಬೆರಳಿನಿಂದ ಬಡಿದು ಸಪ್ಪಳ ಕೇಳಿದ.

"ಬೆಳ್ಳಿ ಅಲ್ರಿ ಬಾಯಾರ, ಹಿತ್ತಾಳಿ. ಮ್ಯಾಲ ಬೆಳ್ಳಿ ಲೇಪ ಇತ್ತು, ಅದೂ ಹೋಗೇದ. ಯಾರ್ರಿ ಇಷ್ಟ ತಿಕ್ಕಿದವರು?"

"ನಮ್ಮವ್ವ."

"ಗೆದ್ದವರಿಗಿಂತ ತಿಕ್ಕಿದವರಿಗೇ ಕಪ್ಪ ಕೊಡಬೇಕಿತ್ತ ನೋಡ್ರಿ."

ಒಲೆಯ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಕಪ್ಪಿನ ಹೊಟ್ಟೆಗೆ ಬಳಿದ. ಹಳೆಯ ಧೋತರದ ಚೂರನ್ನು ಬೆರಳಿಗೆ ಸುತ್ತಿಕೊಂಡು ಹಗುರವಾಗಿ ಒರೆಸಿದ. ಮಸಿಯೆಲ್ಲ ಹೋಯಿತು, ಆದರೆ ಎಲ್ಲಿ ಒಂದು ಕೂದಲಿನಷ್ಟು ತಗ್ಗು ಉಳಿದಿತ್ತೋ ಅಲ್ಲಿ ನಿಂತಿತು. ಕಪ್ಪನ್ನು ಬಾಗಿಲ ಬಿಸಿಲಿಗೆ ಓರೆಯಾಗಿ ಹಿಡಿದು, "ನಿಮ್ಮ ಇಂಗ್ಲೀಷ ನೀವ ಓದ್ಕೊರಿ" ಎಂದ. ವರ್ಷದ ಅಂಕಿಗಳು ಉಳಿದಿರಲಿಲ್ಲ. ಅವು ಇದ್ದ ಜಾಗದ ಕೆಳಗೆ, ಅವ್ವನ ಹೆಬ್ಬೆರಳು ಅಷ್ಟಾಗಿ ಮುಟ್ಟದ ಅಂಚಿನಲ್ಲಿ, ಎಮ್ ಕಂಡಿತು. ಆಮೇಲೆ ವೈ, ಎಸ್. ಮೈಸೂರು.

ಮರುದಿನವೇ ಹುಮನಾಬಾದಿನ ಬಸ್ಸು ಹತ್ತಿದೆ. ಕಪ್ಪು ತೊಡೆಯ ಮೇಲಿತ್ತು. ಸಸ್ತಾಪುರ ಬಂಗ್ಲಾ ದಾಟಿ ಹೈವೇಗೆ ಬಂದ ಮೇಲೆ ಗಾಳಿ ಮುಖಕ್ಕೆ ಬಡಿಯತೊಡಗಿತು. ಎರಡು ಜಡೆ, ರಿಬ್ಬನ್ನು, ಮೊಣಕಾಲಿನ ಕೆಳಗಿನ ನೀಲಿ ಸ್ಕರ್ಟು ಎಲ್ಲ ನೆನಪಾದವು. ತಂಗಿಗೆ ಹೇಗೆ ಹೇಳಲಿ, ಅವಳ ಮನಸ್ಸು ನೋಯದ ಹಾಗೆ ಹೇಗೆ ಹೇಳಲಿ ಎಂದು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ವಾಕ್ಯ ಕೂಡಿಸಿದೆ. ನಿಜ ಹೇಳಬೇಕೆಂದರೆ ಒಳಗೊಳಗೆ ಖುಷಿಯಾಗಿತ್ತು.

ತಂಗಿ ಪಡಸಾಲೆಯಲ್ಲಿ ತೊಗರಿಬೇಳೆ ಆರಿಸುತ್ತಿದ್ದಳು. ಕನ್ನಡಕ ಏರಿಸಿಕೊಂಡು ಅಕ್ಷರ ನೋಡಿದಳು.

"ಮೈಸೂರ ಅದ. ಖರೆ. ಅದಕ್ಕೇನೀಗ?"

"ನೀ ಓಡುವಾಗ ಕರ್ನಾಟಕ ಆಗಿತ್ತಲ್ಲ."

"ಆಗಿತ್ತು." ಬೇಳೆಯಲ್ಲಿ ಸಿಕ್ಕ ಹರಳೊಂದನ್ನು ಪಕ್ಕಕ್ಕೆ ಹಾಕಿದಳು. "ಅಕ್ಕಾ, ನಿನ್ನ ಮ್ಯಾಟ್ರಿಕ್ ವರ್ಷ ಮೀಟ್ ಎಲ್ಲಿ ಆಗಿತ್ತು? ಬರ ಬಿದ್ದಿತ್ತಲ್ಲ. ಸರಕಾರದ ಕೆಂಪ ಜ್ವಾಳದ ರೊಟ್ಟಿ ತಿಂದದ್ದ ಮರತೇನ? ಬೋರ್ಡಿಂಗಿನ್ಯಾಗ ಕುಡಿಯಾಕ ನೀರಿಲ್ಲಂತ ನಮ್ಮನ್ನ ಮನಿಗಿ ಕಳಿಸಿದ್ರು."

ನಾನು ಕಪ್ಪನ್ನು ತೊಡೆಯ ಮೇಲೆ ಎಳೆದುಕೊಂಡೆ.

"ಮೀಟ್ ಕ್ಯಾನ್ಸಲ್ ಆಯ್ತು, ಕಪ್ಪ ಮದಲ ಮಾಡಿಸಿ ಇಟ್ಟಿದ್ರು. ಮುಂದಿನ ವರ್ಷ ನಾ ಓಡಿದಾಗ ಅದನ್ನ ಕೊಟ್ರು. ಸಿಸ್ಟರ್ ಏನಂದ್ರು ಗೊತ್ತೇನ? ಸ್ಟೇಟಿನ ಹೆಸರ ಹಳೇದದ, ಓಟ ಹೊಸದದ, ಅಡ್ಜಸ್ಟ್ ಮಾಡ್ಕೊ ಅಂದ್ರು."

ಕೆಂಪು ಜೋಳ ಎಂದಕೂಡಲೇ ಎಲ್ಲ ತೆರೆದುಕೊಂಡಿತು. ಬಾಯಲ್ಲಿ ಮರಳಿನಂತೆ ಕರಕರ ಎನ್ನುತ್ತಿದ್ದ ಆ ರೊಟ್ಟಿ, ಬೋರ್ಡಿಂಗಿನ ಅಂಗಳದಲ್ಲಿ ಗಾಳಿಯನ್ನಷ್ಟೇ ಎತ್ತುತ್ತಿದ್ದ ಹ್ಯಾಂಡ್ ಪಂಪು, ಮನೆಗೆ ಹೋಗಿ ಎಂದು ಹೇಳುವಾಗ ನೆಲ ನೋಡುತ್ತಿದ್ದ ಮದರ್. ನನ್ನ ಟ್ರಂಕಿನಲ್ಲಿ ಒಮ್ಮೆಯೂ ಮೀಟಿಗೆ ಹಾಕದ ಬಿಳಿ ಕ್ಯಾನ್ವಾಸ್ ಶೂ. ಮೊದಲ ಸಲ ನನ್ನನ್ನು ಆರಿಸಿದ ವರ್ಷವೇ ಮೀಟ್ ನಿಂತಿತು, ನಾನು ಜಿಲ್ಲಾ ಮೀಟಿನಲ್ಲಿ ಓಡಲೇ ಇಲ್ಲ. ಕಪ್ಪು ಮಾಡಿದ ವರ್ಷ ನನ್ನದು, ಗೆದ್ದ ವರ್ಷ ಅವಳದು. ಅಕ್ಷರ ನೋಡಿ ವಯಸ್ಸು ಹೇಳಿದ ನಾನು ಆ ಎರಡರ ನಡುವಿನ ಬರಗಾಲವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

"ಮತ್ತ ದಾರ?" ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು. "ಕೆಂಪ ದಾರ ನನ್ನ ಎದಿಗೆ ತಾಗಿದ್ದು ನನಗ ನೆನಪದ."

"ತಾಗೇದ. ದಿನಾ ಮುಂಜಾನಿ ತಾಗತಿತ್ತು. ಪ್ರಾಕ್ಟೀಸಿಗೆ. ಆ ಕಡಿ ತುದಿ ಪಂಪಿಗಿ ಕಟ್ಟತಿದ್ದಿ, ಈ ಕಡಿ ತುದಿ ನನ್ನ ಕೈಯಾಗ. ನೀ ಹರಕೋತ ಹೋಗಾಕಿ, ನಾ ಗಂಟ ಹಾಕಾಕಿ. ಅರ್ಧಾ ನನ್ನ ಸ್ವೆಟರಿನ ಉಣ್ಣಿ ಅದು."

"ನಿಮ್ಮ ಮೀಟಿನ್ಯಾಗ?"

"ಅಲ್ಲೆಲ್ಲಿ ದಾರ. ಸುಣ್ಣದ ಗೆರಿ ಇತ್ತು."

ಅವ್ವ ತೀರಿದ ಮೇಲೆ ತವರಿನ ಮನೆ ಖಾಲಿ ಮಾಡುವಾಗ ಕಪ್ಪನ್ನು ಎತ್ತಿ ನನ್ನ ಬ್ಯಾಗಿನಲ್ಲಿ ಇಟ್ಟುಕೊಂಡವಳು ನಾನೇ. ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಅವ್ವನ ದಿನದ ಊಟದ ಎಲಿ ಇನ್ನೂ ಎತ್ತಿರಲಿಲ್ಲ. ಆಗ ಹಿತ್ತಾಳಿ ಕಪ್ಪಿನ ಸಲುವಾಗಿ ಅಕ್ಕನ ಜೋಡಿ ಜಗಳಾ ತಗೀಲೇನ?" ಎಂದಳು. "ಆಮ್ಯಾಲ ನೀ ಸಾಲ್ಯಾಗ ಹುಡುಗೂರಿಗಿ ಕಥಿ ಹೇಳಾಕತ್ತಿ ಅಂತ ಕೇಳಿದೆ. ಹೇಳಲಿ ಬಿಡು ಅಂದೆ."

ಅಷ್ಟು ವರ್ಷ ಬಿಟ್ಟುಕೊಟ್ಟವಳು ಈಗ ಒಂದು ಕಾರ್ಡು ಕೇಳಿದ್ದಳು. ಪರ್ಸಿನಿಂದ ಅದನ್ನು ತೆಗೆದೆ. ಸಿಸ್ಟರುಗಳು ಕಲಿಸಿದ ಕರ್ಸಿವ್ ಅಕ್ಷರದಲ್ಲಿ ಅವಳ ಹೆಸರು ಬರೆದೆ, ಕೂಡು ಅಕ್ಷರ ಎಲ್ಲೂ ಬಿಡದಂತೆ. ವರ್ಷದ ಜಾಗದಲ್ಲಿ ಅವಳು ಓಡಿದ ವರ್ಷ ಹಾಕಿದೆ. ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಕಪ್ಪು ಹಿಂದಿನ ವರ್ಷದ್ದು, ಆ ವರ್ಷ ಬರದಿಂದ ಕ್ರೀಡಾಕೂಟ ನಡೆಯಲಿಲ್ಲ.

ಅಷ್ಟರಲ್ಲಿ ಅವಳ ಸೊಸೆ ಚಹಾ ತಂದಳು. ಕಾರ್ಡನ್ನು ಎತ್ತಿ ಓದಿ, ಅತ್ತೆಯ ಕಾಲನ್ನೂ ಮುಖವನ್ನೂ ನೋಡಿದಳು.

"ಅತ್ತೀ, ಖರೇನ ಓಡತಿದ್ರಿ?"

"ನಿಮ್ಮ ದೊಡ್ಡತ್ತಿನ್ನ ಕೇಳು."

ಸೊಸೆ ನನ್ನ ಕಡೆ ತಿರುಗಿದಳು. ಹೌದು ಎಂದು ಸಾಕ್ಷಿ ಹೇಳಲು ಬಾಯಿ ತೆರೆದೆ. ಆಗ ತಿಳಿಯಿತು, ಆ ಓಟದ ದಿನ ನಾನು ಶಾಲೆ ಬಿಟ್ಟಾಗಿತ್ತು. ಸಾವಿರ ಸಲ ಹೇಳಿದ ಆ ಓಟವನ್ನು ನಾನು ಕಣ್ಣಿನಿಂದ ನೋಡಿಲ್ಲ, ಯಾರ ಬಾಯಿಂದಲೂ ಕೇಳಿಲ್ಲ.

"ನಾ ಆವಾಗ ಅಲ್ಲಿ ಇರಲಿಲ್ಲವ್ವಾ," ಎಂದೆ. "ಹ್ಯಾಂಗ ಓಡಿದಳೋ ನನಗೂ ಗೊತ್ತಿಲ್ಲ. ಆಕಿನ್ನೇ ಕೇಳೋಣು, ಕೂಡು."

ಸೊಸೆ ಕುಳಿತಳು. ತಂಗಿ ಬೇಳೆಯ ಮೊರ ಪಕ್ಕಕ್ಕೆ ಸರಿಸಿದಳು, ಸೆರಗಿಗೆ ಕೈ ಒರೆಸಿಕೊಂಡಳು, ಕಾಲು ಚಾಚಿ ಗೋಡೆಗೆ ಒರಗಿದಳು.

"ಮದಲ ನಾ ಬಿದ್ದೆ," ಎಂದು ಶುರು ಮಾಡಿದಳು.