ಒಂದೇ ವಿಳಾಸ, ಮೂರು ಊರು

ಎರಡು ವರ್ಷದ ಹಿಂದೆ ನಾನು ಒಂದು ಖಾಸಗಿ ಕಣ್ಣಿನ ಆಸ್ಪತ್ರೆಯ ನೆಟ್‌ವರ್ಕ್ ಉಸ್ತುವಾರಿಯಾಗಿದ್ದೆ. ಶಾಖೆಗಳು ಆಳಂದ, ಅಫಜಲಪುರ, ಜೇವರ್ಗಿಯಲ್ಲಿ. ನನ್ನ ಕುರ್ಚಿ ಕಲಬುರಗಿಯಲ್ಲಿ. ಒಂದು ಶನಿವಾರ ಯಾವುದೋ ಕಂಪ್ಯೂಟರಿನಿಂದ ವೈರಸ್ ಹರಡತೊಡಗಿತು. ದಾಖಲೆಯಲ್ಲಿ ಸಿಕ್ಕಿದ್ದು ಅದರ ಮ್ಯಾಕ್ ವಿಳಾಸವೊಂದೇ. ಪ್ರತಿ ಉಪಕರಣಕ್ಕೂ ಕಾರ್ಖಾನೆಯಲ್ಲೇ ಕೊಡುವ ಹನ್ನೆರಡು ಅಂಕಿ-ಅಕ್ಷರಗಳ ಗುರುತು ಅದು. ಡಿವೈಸ್ ಮ್ಯಾನೇಜ್‌ಮೆಂಟ್ ತಂತ್ರಾಂಶದಲ್ಲಿ ಅದನ್ನು ಹಾಕಿ ಕ್ವೆರಿ ಓಡಿಸಿದರೆ, ಅಂದರೆ ಹುಡುಕಿಸಿದರೆ, ಕಂಪ್ಯೂಟರಿನ ಹೆಸರು ಬರುತ್ತದೆ. ಸೋಮವಾರ ಓಡಿಸಿದೆ. ಅಫಜಲಪುರದ ಸ್ವಾಗತ ಮೇಜಿನ ಶಹನಾಜ್ ಅವರ ಲ್ಯಾಪ್‌ಟಾಪ್ ಎಂದು ಬಂತು.

"ಪೆನ್‌ಡ್ರೈವ್ ಹಚ್ಚಿರ್ತಾಳ. ವರದಿ ಕೊಡ್ರಿ, ಶನಿವಾರಕ್ಕ ಕೆಲಸದಿಂದ ತಗದ್ಬಿಡೋಣು" ಎಂದರು ಮ್ಯಾನೇಜರು. ನಾನು ಹಿಂದುಮುಂದು ನೋಡದೆ ಬರೆದು ಕಳಿಸಿದೆ.

ಮಂಗಳವಾರ ಸುಮ್ಮನೆ ಅದೇ ಕ್ವೆರಿ ಓಡಿಸಿದರೆ ಆಳಂದದ ಲ್ಯಾಪ್‌ಟಾಪ್ ಬಂತು. ಬುಧವಾರ ಜೇವರ್ಗಿಯದು! ಒಂದು ವಿಳಾಸ ಮೂರು ಕಂಪ್ಯೂಟರಿಗೆ ಇರುವುದುಂಟೇ? ತಂತ್ರಾಂಶವನ್ನು ಬೈದೆ, ಸರ್ವರ್ ಬಂದ್ ಮಾಡಿ ಚಾಲೂ ಮಾಡಿದೆ. ತಲೆ ಕೆಟ್ಟು ಗೊಬ್ಬರವಾಯಿತು. ಶಹನಾಜ್‌ಗೆ ಫೋನ್ ಮಾಡಿದರೆ ಆಕೆ ಅಳುತ್ತಿದ್ದರು. "ಅಲ್ಲಾನ ಆಣಿ ಸರ್, ನಾ ಏನೂ ಹಚ್ಚಿಲ್ರಿ."

ಗುರುವಾರ ಅಫಜಲಪುರಕ್ಕೇ ಹೋದೆ. ಹನ್ನೊಂದರ ಸುಮಾರಿಗೆ ಜೇವರ್ಗಿ ಬಸ್ಸಿನ ಕಂಡಕ್ಟರ್ ಬಂದು ಒಂದು ಊಟದ ಡಬ್ಬಿ ಕೊಟ್ಟುಹೋದ. ನಮ್ಮ ಕಡೆ ಊರಿಂದೂರಿಗೆ ಬುತ್ತಿ ಬಸ್ಸಿನಲ್ಲೇ ಹೋಗುತ್ತದೆ, ಅದರಲ್ಲೇನೂ ವಿಶೇಷವಿಲ್ಲ. ಆದರೆ ಈ ಡಬ್ಬಿಯಲ್ಲಿ ರೊಟ್ಟಿ ಇರಲಿಲ್ಲ, ಒಂದು ಲ್ಯಾನ್ ಅಡಾಪ್ಟರ್ ಇತ್ತು. ಹೊಸ ತೆಳು ಲ್ಯಾಪ್‌ಟಾಪುಗಳಿಗೆ ನೆಟ್‌ವರ್ಕ್ ತಂತಿ ಸಿಕ್ಕಿಸುವ ಕಿಂಡಿಯೇ ಇಲ್ಲ. ಅಡಾಪ್ಟರ್ ಬೇಕೇ ಬೇಕು. ಅದರ ಬೆನ್ನ ಮೇಲೆ ಅಚ್ಚಾಗಿದ್ದುದು ನಾನು ಹುಡುಕುತ್ತಿದ್ದ ವಿಳಾಸವೇ! ಆ ದಿನ ಯಾರು ಸಿಕ್ಕಿಸಿಕೊಂಡರೆ ಅವರ ಹೆಸರು ಬರುತ್ತಿತ್ತು.

"ಎರಡು ಸುಟ್ಟಾವ್ರಿ ಸರ್. ಮೂರೂ ಊರಿಗೆ ಇದೊಂದ ಉಳದೈತಿ, ಪಾಳಿ ಹಚ್ಚೇವಿ" ಎಂದರು ಶಹನಾಜ್.

"ನನಗ್ಯಾಕ ಹೇಳ್ಲಿಲ್ರಿ?"

"ಮೂರು ಸಲ ಮೇಲ್ ಮಾಡೇವಲ್ರಿ, ನಿಮಗ."

ನನ್ನ ಇನ್‌ಬಾಕ್ಸಿನಲ್ಲಿ ಮೂರೂ ಇದ್ದವು. ಒಂದನ್ನೂ ತೆರೆದಿರಲಿಲ್ಲ.

ಪಾಳಿಯ ಪ್ರಕಾರ, ವೈರಸ್ ಹರಡಿದ ಶನಿವಾರ ಡಬ್ಬಿ ಜೇವರ್ಗಿಯಲ್ಲಿತ್ತು. ಅಲ್ಲಿನ ಲ್ಯಾಪ್‌ಟಾಪಿಗೆ ಅಡಾಪ್ಟರ್ ಸಿಗುತ್ತಿದ್ದುದೇ ಪಾಳಿಯ ದಿನ, ಅದೂ ರೋಗಿಗಳ ಕೆಲಸಕ್ಕೇ ಸಾಲದಾಗಿ ಆಂಟಿವೈರಸ್ ತಿಂಗಳಿಂದ ಅಪ್‌ಡೇಟ್ ಆಗಿರಲಿಲ್ಲ. ವರದಿ ಹಿಂದಕ್ಕೆ ಪಡೆದು ಹೊಸದು ಬರೆದೆ. 'ತಪ್ಪಿತಸ್ಥರು' ಎಂಬಲ್ಲಿ ನನ್ನ ಹೆಸರು ಹಾಕಿದೆ. ಮ್ಯಾನೇಜರು ಕೂಗಾಡಿದರು, ಶಹನಾಜ್ ಕೆಲಸ ಉಳಿಯಿತು.

ಕ್ವೆರಿ ಸುಳ್ಳು ಹೇಳಿರಲಿಲ್ಲ. ಆ ವಿಳಾಸ ಈಗ ಎಲ್ಲಿದೆ ಎಂದು ಕೇಳಿದ್ದೆ, ಹೇಳಿತ್ತು. ತಪ್ಪು ಯಾರದೆಂದು ಅದನ್ನು ನಾನು ಕೇಳಿರಲೇ ಇಲ್ಲ. ಆದರೂ ಅದರ ಉತ್ತರ ನೋಡಿ ಒಬ್ಬ ಹೆಣ್ಣುಮಗಳ ಅನ್ನಕ್ಕೆ ಕೈ ಹಾಕಿದ್ದೆ.